ಸರದಿ ಬಂದಾಗ ಎದ್ದು ಹೋದವನು

ನಾನು ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿ. 'ಹಾಜರಿ ಕಡಿಮೆ' ಅನ್ನುವ ಚೀಟಿ ಹಿಡಿದು ನನ್ನ ಹತ್ತಿರ ಬರುವ ಮೊದಲ ವರ್ಷದವರಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡವರು ಪ್ರತಿ ವರ್ಷ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಕಥೆ ಬಹುತೇಕ ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಹುಡುಗಿಯ ಒಪ್ಪಿಗೆಯೂ ಇದೆ.

ಮಡಿಕೇರಿ ಹತ್ತಿರದ ಹಳ್ಳಿಯವಳು. ಮನೆಮಾತು ಅರೆಭಾಷೆ, ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಹತ್ತನೆಯ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಮಂಗಳವಾರ ಮತ್ತು ಗುರುವಾರ ಮಾತ್ರ ಅವಳಿಗೆ ತಲೆನೋವು. ಆ ಎರಡು ದಿನ ತರಗತಿಯಲ್ಲಿ ಹಳೆಯ ಇಂಗ್ಲಿಷ್ ಕವಿ ಚಾಸರ್‌ನ ಪಾಠ. ರೋಲ್ ನಂಬರ್ ಪ್ರಕಾರ ಒಬ್ಬೊಬ್ಬರೇ ಎದ್ದು ಜೋರಾಗಿ ಓದಬೇಕು. ಇವಳದು 23. ಹದಿನೆಂಟು, ಹತ್ತೊಂಬತ್ತು ಬರುವಷ್ಟರಲ್ಲಿ ಇವಳು ಹೊರಗೆ.

ಮೊದಲ ಎರಡು ಭೇಟಿಯಲ್ಲಿ ಹೆಚ್ಚೇನೂ ಆಗಲಿಲ್ಲ. ನಿದ್ದೆ, ಊಟ, ಬದುಕಿನ ಬಗ್ಗೆ ಬೇಸರ, ಎಲ್ಲ ಕೇಳಿದೆ. ಅಲ್ಲಿ ಏನಾದರೂ ಕಂಡಿದ್ದರೆ ನೇರ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಕಾಣಲಿಲ್ಲ.

ಮೂರನೆಯ ಸಲ ಬಂದಾಗ ಜೋರು ಮಳೆ, ಕರೆಂಟ್ ಇಲ್ಲ. ಇಬ್ಬರಿಗೂ ಮಾತು ಖಾಲಿ. ಸುಮ್ನೆ ಕೇಳಿದೆ, "ನಿನ್ನ ಇಂಗ್ಲಿಷ್ ಪಾಠಗಳಲ್ಲಿ ನಿನಗೆ ಇಷ್ಟ ಆದದ್ದು ಒಂದಾದರೂ ಇದೆಯಾ?"

"ಒಬ್ಬ ದನ ಕಾಯುವವನ ಕಥೆ ಇದೆ ಮೇಡಂ" ಅಂದಳು.

ನಾನು ಓದಿದ್ದು ಮನಶ್ಶಾಸ್ತ್ರ, ನನಗದು ಗೊತ್ತಿರಲಿಲ್ಲ. ಅವಳೇ ಹೇಳಿದಳು. 7ನೇ ಶತಮಾನ, ಇಂಗ್ಲೆಂಡಿನ ವಿಟ್ಬಿ ಎಂಬಲ್ಲಿ ಒಂದು ಕ್ರೈಸ್ತ ಮಠ. ಹಿಲ್ಡಾ ಎಂಬ ಹೆಂಗಸು ಅದರ ಮುಖ್ಯಸ್ಥೆ. ಅಲ್ಲಿ ಕ್ಯಾಡ್ಮನ್ ಎಂಬ ದನ ಕಾಯುವವನಿದ್ದ. ಊಟದ ಕೂಟಗಳಲ್ಲಿ ಹಾರ್ಪ್ ಎಂಬ ತಂತಿವಾದ್ಯ ಕೈಯಿಂದ ಕೈಗೆ ಬರುತ್ತಿತ್ತು. ಯಾರ ಕೈಗೆ ಬಂತೋ ಅವರು ಹಾಡಬೇಕು. ಅದು ತನ್ನ ಹತ್ತಿರ ಬರುವುದು ಕಂಡರೆ ಸಾಕು, ಇವನು ಎದ್ದು ಹೋಗಿಬಿಡುತ್ತಿದ್ದ. ಹಾಗೆ ಹೋದ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದಾಗ ಕನಸು ಬಿತ್ತು. ಯಾರೋ ಬಂದು ಹಾಡು ಅಂದರು, ಹಾಡಿದ. ಹೆಸರು ಗೊತ್ತಿರುವ ಮೊದಲ ಇಂಗ್ಲಿಷ್ ಕವಿ ಅವನೇ. ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ಇಷ್ಟು ಹೇಳಿ ಅವಳು ನಕ್ಕಳು. "ಅವನು ಎದ್ದು ಹೋದದ್ದಕ್ಕೆ ಕನಸು ಬಿತ್ತು ಮೇಡಂ. ನಾನು ಎದ್ದು ಹೋದರೆ ಅಟೆಂಡೆನ್ಸ್ ಹೋಗ್ತದೆ."

ನನಗೂ ನಗು ಬಂತು. ಆದರೆ ಬಿಡಲಿಲ್ಲ. "ಕನಸಲ್ಲಿ ಬಂದವನಿಗೆ ಅವನು ಏನಂದ?"

"ನನಗೆ ಹಾಡಲು ಬರಲ್ಲ, ಅದಕ್ಕೇ ಅಲ್ಲಿಂದ ಎದ್ದು ಬಂದೆ ಅಂದ. ಬಂದವನು ಆದರೂ ಹಾಡು ಅಂದ."

"ಎಲ್ಲಿ ಹಾಡಿದ?"

"ಹಟ್ಟೀಲಿ."

"ಕೇಳೋಕೆ ಯಾರಿದ್ದರು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ದನಗಳು."

ನಿಮ್ಮ ಮನೆಯಲ್ಲಿ ದನ ಇದೆಯಾ ಅಂತ ಕೇಳಿದೆ. ಒಂದು ಹಸು ಇತ್ತು.

ನನ್ನ ಸಲಹೆ ಇಷ್ಟೇ. ಮೊದಲ ವಾರ ಹಟ್ಟಿಯಲ್ಲಿ ದಿನಕ್ಕೆ ಹತ್ತು ಸಾಲು ಜೋರಾಗಿ ಓದು. ಎರಡನೆಯ ವಾರ ತಮ್ಮನ ಮುಂದೆ, ಆಮೇಲೆ ಒಬ್ಬ ಗೆಳತಿಯ ಮುಂದೆ, ಆಮೇಲೆ ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಮುಂದೆ. ತರಗತಿಯಲ್ಲಿ ಓದದಿದ್ದರೂ ಪರವಾಗಿಲ್ಲ, ಎದ್ದು ಮಾತ್ರ ಹೋಗಬೇಡ. ನಂಬರ್ ಬಂದಾಗ 'ಇವತ್ತು ಆಗಲ್ಲ ಸರ್' ಅಂತ ಹೇಳಿ ಅಲ್ಲೇ ಕೂತಿರು. ಭಯದಲ್ಲಿ ಎದ್ದು ಹೋದಾಗ ತಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಕೂತೇ ಇದ್ದರೆ ಎದೆಬಡಿತ ಏರುತ್ತದೆ, ಹಾಗೇ ಇಳಿಯುತ್ತದೆ. ಅದು ತಾನಾಗಿ ಇಳಿಯುವುದನ್ನು ಅವಳು ಒಂದು ಸಲವಾದರೂ ಅನುಭವಿಸಬೇಕಿತ್ತು.

ಇದಕ್ಕೆ ಟೀಕೆ ಬಂತು. 'ವಿಷಯ ಬದಲಿಸು ಅಂದಿದ್ದರೆ ಮುಗಿಯುತ್ತಿತ್ತು, ಮಗುವನ್ನು ಯಾಕೆ ಹಿಂಸಿಸುತ್ತೀರಿ' ಅಂದರು ಒಬ್ಬ ಸಹೋದ್ಯೋಗಿ. ಕೆಲವು ವರ್ಷದ ಹಿಂದೆ ಇಂಥದ್ದೇ ಒಬ್ಬ ಹುಡುಗನಿಗೆ ನಾನು ಹಾಗೇ ಹೇಳಿದ್ದೆ. ಅವನು ಬಿಕಾಂಗೆ ಹೋದ. ಅಲ್ಲಿ ಸೆಮಿನಾರ್ ಬಂದಾಗ ಕಾಲೇಜನ್ನೇ ಬಿಟ್ಟ. ಆ ಸಲಹೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ವಿಷಯ ಇಷ್ಟವಿಲ್ಲದಿದ್ದರೆ ಬದಲಿಸಲಿ, ನಾನೇ ಅರ್ಜಿ ಬರೆಸುತ್ತೇನೆ. ಇವಳು ಕರೆಂಟ್ ಇಲ್ಲದ ಕೋಣೆಯಲ್ಲಿ ಕೂತು 1300 ವರ್ಷ ಹಿಂದಿನ ಕಥೆಯನ್ನು ಒಂದು ವಿವರ ಬಿಡದೆ ಹೇಳಿದವಳು. ಇಷ್ಟವಿಲ್ಲ ಅಂತ ಹೇಗೆ ನಂಬಲಿ?

ಅವಳ ಒಪ್ಪಿಗೆ ಪಡೆದು ಮೇಷ್ಟ್ರ ಜೊತೆ ಮಾತಾಡಿದಾಗ ಇನ್ನೊಂದು ವಿಷಯ ತಿಳಿಯಿತು. ಮೊದಲ ವಾರ ಅವಳು 'ನೈಟ್' (knight, ಕುದುರೆ ಏರಿದ ಯೋಧ) ಅನ್ನಬೇಕಾದ ಕಡೆ, ಕನ್ನಡ ಓದುವ ಹಾಗೆ ಒಂದಕ್ಷರ ಬಿಡದೆ, 'ಕ್ನೈಟ್' ಅಂದಳಂತೆ. ಹಿಂದಿನ ಬೆಂಚು ಕಿಸಕ್ಕೆಂದಿತ್ತು. "ತಮಾಷೆ ಅಂದರೆ ಚಾಸರ್ ಕಾಲದಲ್ಲಿ ಆ ಕ್ ಉಚ್ಚಾರದಲ್ಲೇ ಇತ್ತು" ಅಂದರು ಮೇಷ್ಟ್ರು. ಚಾಸರ್ ತೀರಿಕೊಂಡದ್ದು 1400ರಲ್ಲಿ. ಇವತ್ತು ಬರಹದಲ್ಲಿ ಮಾತ್ರ ಉಳಿದ ಎಷ್ಟೋ ಅಕ್ಷರಗಳನ್ನು ಆಗ ಬಾಯಿಬಿಟ್ಟು ಹೇಳುತ್ತಿದ್ದರು. ಅಂದರೆ ಕಾನ್ವೆಂಟ್ ಮಕ್ಕಳಿಗಿಂತ ಇವಳೇ ಚಾಸರ್‌ಗೆ ಹತ್ತಿರ! ಹಾಗಾದರೆ ಅವತ್ತೇ ತರಗತಿಯಲ್ಲಿ ಇದನ್ನು ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ.

ಇದನ್ನು ನಾನು ಅವಳಿಗೆ ತಕ್ಷಣ ಹೇಳಲಿಲ್ಲ. ಅದನ್ನೂ ಕೆಲವರು ತಪ್ಪು ಅಂದಿದ್ದಾರೆ. ನೀನೇ ಸರಿ ಅಂದರೆ ಅವತ್ತಿನ ಮಟ್ಟಿಗೆ ಖುಷಿ. ನಾಳೆ ನಿಜಕ್ಕೂ ತಪ್ಪು ಓದಿದಾಗ? ತಪ್ಪು ಓದಿಯೂ ಕೂತಿರಲು ಬರಬೇಕು ಅನ್ನುವುದು ನನ್ನ ಹಟ.

ಹುತ್ತರಿ ರಜೆಗೆ ಮೊದಲು ಅವಳು ತರಗತಿಯಲ್ಲಿ ಆರು ಸಾಲು ಓದಿದಳು. ಎರಡು ಕಡೆ ತಪ್ಪಿತಂತೆ. ಯಾರೋ ನಕ್ಕರಂತೆ. ಏಳನೆಯ ಸಾಲಿಗೆ ಮೇಷ್ಟ್ರೇ ಸಾಕು ಅಂದರು, ಗಂಟೆ ಹೊಡೆದಿತ್ತು.

'ಕ್ನೈಟ್' ವಿಷಯ ಆಮೇಲೆ ಹೇಳಿದೆ. "ಗೊತ್ತು ಮೇಡಂ, ಸರ್ ಕ್ಲಾಸಲ್ಲೇ ಹೇಳಿದರು" ಅಂದಳು.