ಓದುಗರ ಪ್ರಶ್ನೆ, ನಮ್ಮ ಉತ್ತರ: ಬರಿಗೈ ಬಾಕ್ಸಿಂಗಿನ ಕಾಲ

ಹಿಂದಿನ ಸಂಚಿಕೆಯಲ್ಲಿ ಒಲಿಂಪಿಕ್ ಬಾಕ್ಸಿಂಗ್ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಗ್ಲೌಸ್ ಬಳಕೆಗೆ ಬರುವ ಮುನ್ನ ಇಂಗ್ಲೆಂಡಿನಲ್ಲಿ ಬರಿಗೈಯಲ್ಲೇ ಹೊಡೆದಾಡುತ್ತಿದ್ದರು ಎಂದು ಒಂದು ಸಾಲು ಬರೆದಿದ್ದೆವು. ಆ ಸಾಲನ್ನು ಹಿಡಿದು ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬರಿಗೈ ಕಾಳಗಕ್ಕೆ ನಿಯಮಗಳೆಂಬುವು ಇದ್ದವೇ, ಅಥವಾ ಬೀದಿ ಜಗಳವನ್ನೇ ಜನ ದುಡ್ಡು ಕೊಟ್ಟು ನೋಡುತ್ತಿದ್ದರೇ? (ಶಿವಮೊಗ್ಗದ ಓದುಗರು)

ಉತ್ತರ: ನಿಯಮಗಳಿದ್ದವು; ಆದರೆ ಅವು ಹುಟ್ಟಿದ್ದು ಕಾದಾಡುವವನ ಮೈಮೇಲಿನ ಮರುಕದಿಂದ ಎನ್ನುವುದಕ್ಕಿಂತ ಪಣದ ಹಣದ ತಕರಾರು ತಪ್ಪಿಸುವುದಕ್ಕಾಗಿ ಎಂದರೆ ಹೆಚ್ಚು ಸರಿಯಾದೀತು. 1719ರಿಂದ ಇಂಗ್ಲೆಂಡಿನ ಮೊದಲ ಚಾಂಪಿಯನ್ ಎಂದು ಎಣಿಸಲಾಗುವ ಜೇಮ್ಸ್ ಫಿಗ್ ಮೂಲತಃ ಕತ್ತಿ ಮತ್ತು ದೊಣ್ಣೆ ವರಸೆಯ ಗುರು. ಲಂಡನ್ನಿನ ಅವನ ಅಖಾಡದಲ್ಲಿ ಮುಷ್ಟಿಕಾಳಗವು ಆಯುಧ ಪ್ರದರ್ಶನದ ಜೊತೆಗೆ ನಡೆಯುತ್ತಿದ್ದ ಇನ್ನೊಂದು ಬಾಬತ್ತು ಮಾತ್ರವಾಗಿತ್ತು. ಹೆಂಗಸರೂ ಕಣಕ್ಕಿಳಿಯುತ್ತಿದ್ದರು. 1722ರಲ್ಲಿ ಎಲಿಜಬೆತ್ ವಿಲ್ಕಿನ್ಸನ್ ಎಂಬಾಕೆ ಹ್ಯಾನಾ ಹೈಫೀಲ್ಡ್ ಎಂಬಾಕೆಗೆ ಪತ್ರಿಕೆಯ ಜಾಹೀರಾತಿನಲ್ಲೇ ಸವಾಲು ಹಾಕಿದಳು. ಮೂರು ಗಿನಿ ಪಣದ ಆ ಕಾಳಗದಲ್ಲಿ ಇಬ್ಬರೂ ಒಂದೊಂದು ಕೈಯಲ್ಲಿ ಒಂದೊಂದು ಅರ್ಧ ಕ್ರೌನ್ ನಾಣ್ಯ ಹಿಡಿದು ಹೊಡೆದಾಡಬೇಕು, ಮೊದಲು ನಾಣ್ಯ ಬೀಳಿಸಿದವಳು ಸೋತಂತೆ ಎಂಬುದು ಷರತ್ತು. ನಾಣ್ಯ ಬೀಳಬಾರದೆಂದರೆ ಮುಷ್ಟಿ ಬಿಚ್ಚುವಂತಿಲ್ಲ. ಪರಚುವುದೂ ಜುಟ್ಟು ಹಿಡಿಯುವುದೂ ತಾನಾಗಿಯೇ ನಿಂತವು. ಒಂದು ನಾಣ್ಯದಲ್ಲಿ ಇಡೀ ನಿಯಮಾವಳಿಯನ್ನೇ ಅಡಗಿಸಿಟ್ಟ ಆ ಜಾಣ್ಮೆಯನ್ನು ಮೆಚ್ಚಲೇಬೇಕು.

ಬರವಣಿಗೆಯಲ್ಲಿ ಸಿಗುವ ಮೊದಲ ನಿಯಮಾವಳಿ ಜ್ಯಾಕ್ ಬ್ರೌಟನ್ ಎಂಬ ಚಾಂಪಿಯನ್ನನದು. ಥೇಮ್ಸ್ ನದಿಯಲ್ಲಿ ದೋಣಿ ನಡೆಸುತ್ತಿದ್ದ ಈತ 1741ರಲ್ಲಿ ಜಾರ್ಜ್ ಸ್ಟೀವನ್ಸನ್ ಎಂಬವನನ್ನು ಸೋಲಿಸಿದ, ಆ ಪೆಟ್ಟಿನಿಂದ ಸ್ಟೀವನ್ಸನ್ ತೀರಿಕೊಂಡ. ಅದರಿಂದ ನೊಂದು ಬ್ರೌಟನ್ 1743ರ ಆಗಸ್ಟ್ 16ರಂದು ನಿಯಮಗಳನ್ನು ಪ್ರಕಟಿಸಿದನೆಂಬುದು ವಾಡಿಕೆಯ ಮಾತು. ಇರಬಹುದು. ಆದರೆ ಆ ಏಳು ನಿಯಮಗಳನ್ನು ಓದಿದರೆ ಬೇರೆಯದೇ ಧ್ವನಿ ಕೇಳಿಸುತ್ತದೆ. ಬಿದ್ದವನನ್ನು ಹೊಡೆಯಬಾರದು, ಸೊಂಟದ ಕೆಳಗೆ ಹಿಡಿಯಬಾರದು, ಮಂಡಿಯೂರಿದವನು ಬಿದ್ದಂತೆಯೇ ಲೆಕ್ಕ ಎನ್ನುವುದಷ್ಟೇ ಮೈಗೆ ಸಂಬಂಧಿಸಿದ ಮಾತು. ಉಳಿದದ್ದರಲ್ಲಿ ಗೆದ್ದವನಿಗೆ ಹಣದ ಮೂರನೇ ಎರಡು ಪಾಲು ಸಲ್ಲಬೇಕು, ಇಬ್ಬರು ತೀರ್ಪುಗಾರರಿರಬೇಕು, ಅವರಲ್ಲಿ ಒಮ್ಮತವಾಗದಿದ್ದರೆ ಮೂರನೆಯವನನ್ನು ಆರಿಸಬೇಕು, ಅರ್ಧ ನಿಮಿಷದೊಳಗೆ ಕಣದ ನಡುವಿನ ಗೆರೆಗೆ ಬಾರದವನು ಸೋತಂತೆ ಎಂಬ, ಪಣ ಕಟ್ಟಿದವನು ಮುಖ್ಯವಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರವಿದೆ.

ನಿಯಮದಲ್ಲಿ ಹೇಳದೆ ಬಿಟ್ಟದ್ದು ಏನಾಗುತ್ತದೆ ಎಂಬುದು 1795ರಲ್ಲಿ ಕಂಡಿತು. ಲಂಡನ್ನಿನ ಯಹೂದಿ ಮನೆತನದ ಡೇನಿಯಲ್ ಮೆಂಡೋಜಾ ಎತ್ತರದಲ್ಲೂ ತೂಕದಲ್ಲೂ ತನ್ನ ಎದುರಾಳಿಗಳಿಗಿಂತ ಚಿಕ್ಕವನು; ನಿಂತಲ್ಲೇ ಹೊಡೆದು ಹೊಡೆಸಿಕೊಳ್ಳುವ ಕಾಲದಲ್ಲಿ ಕಾಲು ಸರಿಸಿ, ಬಗ್ಗಿ, ತಪ್ಪಿಸಿಕೊಂಡು ಹೊಡೆಯುವ ವಿದ್ಯೆಯಿಂದ ಚಾಂಪಿಯನ್ ಪಟ್ಟಕ್ಕೇರಿದವನು. ಹಾರ್ನ್‌ಚರ್ಚ್‌ನಲ್ಲಿ ಅವನ ಮೇಲೆ ಬಂದ ಜಾನ್ ಜ್ಯಾಕ್ಸನ್ ಮೆಂಡೋಜಾನ ಉದ್ದ ಕೂದಲನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಮುಖಕ್ಕೆ ಹೊಡೆದ. ಮೆಂಡೋಜಾನ ಕಡೆಯವರು ಕೂಗಾಡಿದರೂ ಕೂದಲು ಸೊಂಟದ ಮೇಲಿರುವುದರಿಂದ ಆಕ್ಷೇಪಕ್ಕೆ ಬೆಲೆ ಸಿಗಲಿಲ್ಲ. ಕೂದಲು ಹಿಡಿದು ಗೆದ್ದ ಈ ಜ್ಯಾಕ್ಸನ್ನನಿಗೆ ‘ಜಂಟಲ್‌ಮನ್’ ಎಂದೇ ಬಿರುದು. ಮುಂದೆ ಅವನ ಬಾಂಡ್ ಸ್ಟ್ರೀಟ್ ತಾಲೀಮುಶಾಲೆಗೆ ಕವಿ ಬೈರನ್ ಕೂಡ ಕಲಿಯಲು ಹೋಗುತ್ತಿದ್ದ.

ಪ್ರಶ್ನೆ: ಅಖಾಡ ಚೌಕಾಕಾರವಾಗಿದ್ದರೂ ಅದನ್ನು ರಿಂಗ್ ಎನ್ನುವುದೇಕೆ? ಎಪ್ಪತ್ತು ಎಂಬತ್ತು ಸುತ್ತುಗಳ ಕಾಳಗ ಮನುಷ್ಯಮಾತ್ರರಿಂದ ಸಾಧ್ಯವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಮೊದಲು ನೋಡುವ ಜನರೇ ಸುತ್ತ ನಿಂತು ಬಳೆಯಂತೆ ಜಾಗ ಬಿಡುತ್ತಿದ್ದರು, ಹೆಸರು ಅಲ್ಲಿಂದ ಬಂತು. ಜನ ಒಳನುಗ್ಗದಂತೆ ಕಂಬ ನೆಟ್ಟು ಹಗ್ಗ ಕಟ್ಟಿದಾಗ ಆಕಾರ ಚೌಕವಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. 1838ರ ಲಂಡನ್ ನಿಯಮಾವಳಿಯು 24 ಅಡಿಯ ಚೌಕ, ಎಂಟು ಕಂಬ, ಎರಡು ಸಾಲು ಹಗ್ಗ ಎಂದು ಗೊತ್ತುಪಡಿಸಿತು.

ಸುತ್ತಿನ ಮಾತಿಗೆ ಬಂದರೆ, ಇಂದಿನಂತೆ ಅದಕ್ಕೆ ಮೂರು ನಿಮಿಷದ ಅಳತೆ ಇರಲಿಲ್ಲ. ಇಬ್ಬರಲ್ಲಿ ಒಬ್ಬ ಏಟಿನಿಂದಲೋ ಪಟ್ಟಿನಿಂದಲೋ ನೆಲಕ್ಕೆ ಬಿದ್ದರೆ ಸುತ್ತು ಮುಗಿಯಿತು; ಸೊಂಟದ ಮೇಲೆ ಹಿಡಿದು ಕೆಡವುವ ಕುಸ್ತಿಗೂ ಅವಕಾಶವಿತ್ತು. ಬಿದ್ದವನಿಗೆ 30 ಸೆಕೆಂಡ್ ವಿಶ್ರಾಂತಿ, ಆಮೇಲೆ ಯಾರ ಆಸರೆಯೂ ಇಲ್ಲದೆ ನಡುಗೆರೆಗೆ ಬಂದು ನಿಲ್ಲಲು 8 ಸೆಕೆಂಡ್. ಹಾಗಾಗಿ ಒಂದು ಸುತ್ತು ಕೆಲವೇ ಕ್ಷಣಗಳದ್ದಾಗಬಹುದಿತ್ತು, ಅರ್ಧ ಗಂಟೆಯದ್ದೂ ಆಗಬಹುದಿತ್ತು. 1833ರಲ್ಲಿ ಜೇಮ್ಸ್ ಬರ್ಕ್ ಮತ್ತು ಸೈಮನ್ ಬರ್ನ್ ನಡುವಿನ ಕಾಳಗ 99 ಸುತ್ತುಗಳಷ್ಟು ನಡೆದು ಮೂರು ಗಂಟೆ ಆರು ನಿಮಿಷಕ್ಕೆ ಮುಗಿದರೆ, 1855ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಜೇಮ್ಸ್ ಕೆಲ್ಲಿ ಮತ್ತು ಜೊನಾಥನ್ ಸ್ಮಿತ್ ಬರೀ 17 ಸುತ್ತುಗಳಿಗೆ ಆರೂಕಾಲು ಗಂಟೆ ತೆಗೆದುಕೊಂಡರು.

ನೀವು ಕೇಳಿದ ಅಂಕಿಗೆ ತೀರ ಹತ್ತಿರದ ಉದಾಹರಣೆ 1889ರ ಜುಲೈ 8ರದು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಿಚ್‌ಬರ್ಗ್ ಎಂಬಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಸುಡುಬಿಸಿಲಿನಲ್ಲಿ 75 ಸುತ್ತು ಸೆಣಸಿದರು. ನೇರ ಹೊಡೆತದಲ್ಲಿ ತಾನು ಸಲಿವನ್ನನಿಗೆ ಸಮನಲ್ಲ ಎಂದರಿತಿದ್ದ ಕಿಲ್ರೇನ್ ಓಡಾಡಿಸಿ ದಣಿಸುವ ಹಂಚಿಕೆ ಹೂಡಿದ. 44ನೇ ಸುತ್ತಿನಲ್ಲಿ ಸಲಿವನ್ ವಾಂತಿ ಮಾಡಿಕೊಂಡಾಗ ಆ ಹಂಚಿಕೆ ಫಲಿಸಿತೆಂದೇ ನೋಡುವವರಿಗೆ ಅನಿಸಿತ್ತು. ಆದರೆ ಅಲ್ಲಿಂದ ಮುಂದೆ ಸೋತು ಸೊರಗಿದ್ದು ಕಿಲ್ರೇನನೇ. ಎರಡು ಗಂಟೆ ಹದಿನಾರು ನಿಮಿಷಗಳಾದ ಮೇಲೆ, ಇನ್ನೂ ಮುಂದುವರಿದರೆ ಪ್ರಾಣಕ್ಕೇ ಕುತ್ತು ಎಂದು ಬಗೆದು ಅವನ ಕಡೆಯವರು ಸ್ಪಂಜನ್ನು ಕಣದೊಳಕ್ಕೆ ಎಸೆದು ಸೋಲೊಪ್ಪಿದರು. ಹೆವಿವೇಟ್ ಪಟ್ಟಕ್ಕಾಗಿ ಬರಿಗೈಯಲ್ಲಿ ನಡೆದ ಕೊನೆಯ ದೊಡ್ಡ ಕಾಳಗ ಅದು. 1918ರಲ್ಲಿ ಸಲಿವನ್ ತೀರಿಕೊಂಡಾಗ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕಿಲ್ರೇನನೂ ಇದ್ದ.

ಪ್ರಶ್ನೆ: ನಮ್ಮ ದಸರೆಯ ವಜ್ರಮುಷ್ಟಿ ಕಾಳಗಕ್ಕೂ ಇದಕ್ಕೂ ಸಂಬಂಧವುಂಟೇ? (ಮೈಸೂರಿನ ಓದುಗರು)

ಉತ್ತರ: ಇಲ್ಲ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ಮೊನೆಯುಳ್ಳ ವಜ್ರಮುಷ್ಟಿ ತೊಟ್ಟು ನಡೆಸುವ ಕಾಳಗ ಆಯುಧದ ಕಾಳಗವೇ ಹೊರತು ಬರಿಗೈಯದಲ್ಲ. ತಲೆಯಿಂದ ರಕ್ತ ಚಿಮ್ಮಿತೆಂದರೆ ಅಲ್ಲಿಗೆ ಅದು ಮುಗಿಯಿತು. ಅದರ ಬೇರು ಇಂಗ್ಲೆಂಡಿನ ಅಖಾಡಗಳಿಗಿಂತ ಹಳೆಯದು ಕೂಡ: ವಿಜಯನಗರದ ಮಹಾನವಮಿಯಲ್ಲಿ ಜಟ್ಟಿಗಳು ಮೊನೆಯುಳ್ಳ ಬಳೆಗಳಂಥವನ್ನು ಕೈಯಲ್ಲಿ ಹಿಡಿದು ಗಾಯಗೊಳಿಸುತ್ತಿದ್ದುದನ್ನು ಹದಿನಾರನೇ ಶತಮಾನದ ಪೋರ್ಚುಗೀಸನಾದ ನೂನಿಜ್ ಬರೆದಿಟ್ಟಿದ್ದಾನೆ. ಅಲ್ಲಿ ರಾಜನ ಮರ್ಯಾದೆಯೇ ಬಹುಮಾನ. ಇಂಗ್ಲೆಂಡಿನದು ಮೊದಲಿಂದ ಕೊನೆಯವರೆಗೆ ಪಣದ ವ್ಯವಹಾರ.

ಪ್ರಶ್ನೆ: ಗುಲಾಮನಾಗಿದ್ದ ಕಪ್ಪು ಜನಾಂಗದವನೊಬ್ಬ ಇಂಗ್ಲೆಂಡಿನ ಚಾಂಪಿಯನ್ನನನ್ನು ಸೋಲಿಸಿದ್ದ, ಮೋಸದಿಂದ ಪಟ್ಟ ತಪ್ಪಿಸಿದರು ಎಂದು ಕೇಳಿದ್ದೇನೆ. ನಿಜವೇ? (ಕಲಬುರಗಿಯ ಓದುಗರು)

ಉತ್ತರ: ನೀವು ಕೇಳಿರುವುದು ಟಾಮ್ ಮಾಲಿನೋ ಎಂಬವನ ವಿಷಯ. ಅಮೆರಿಕದಲ್ಲಿ ಗುಲಾಮನಾಗಿದ್ದನೆನ್ನಲಾಗುವ ಈತ ಲಂಡನ್ನಿಗೆ ಬಂದು ಬಿಲ್ ರಿಚ್‌ಮಂಡ್‌ನ ಆಶ್ರಯ ಪಡೆದ. ರಿಚ್‌ಮಂಡ್ ಕೂಡ ಅಮೆರಿಕದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿ, ಬ್ರಿಟಿಷ್ ಸೇನಾಧಿಕಾರಿಯೊಬ್ಬರ ಜೊತೆ ಇಂಗ್ಲೆಂಡಿಗೆ ಬಂದವನು. 1805ರಲ್ಲಿ, ಮುಂದೆ ಇಂಗ್ಲೆಂಡಿನ ಚಾಂಪಿಯನ್ ಆದ ಟಾಮ್ ಕ್ರಿಬ್ ಕೈಯಲ್ಲಿ ಸೋತಿದ್ದವನು. ಶಿಷ್ಯನ ಮೂಲಕ ಆ ಬಾಕಿ ತೀರಿಸುವ ಆಸೆ ಅವನಿಗಿದ್ದಿದ್ದರೆ ಅಚ್ಚರಿಯಿಲ್ಲ.

1810ರ ಡಿಸೆಂಬರ್ 18ರಂದು, ಕೊರೆಯುವ ಚಳಿ ಮಳೆಯಲ್ಲಿ, ಸಸೆಕ್ಸ್ ಪ್ರಾಂತದ ಬಯಲಿನಲ್ಲಿ ಮಾಲಿನೋ ಮತ್ತು ಕ್ರಿಬ್ ಎದುರಾದರು. ಕ್ರಿಬ್ ಸುಲಭವಾಗಿ ಗೆಲ್ಲುತ್ತಾನೆಂದು ಹಣ ಹೂಡಿದ್ದವರಿಗೆ ಹೊತ್ತು ಕಳೆದಂತೆ ಎದೆ ಡವಗುಟ್ಟತೊಡಗಿತು. ನಡುವೆ ಜನ ಹಗ್ಗ ದಾಟಿ ಒಳನುಗ್ಗಿದರು, ಆ ಗದ್ದಲದಲ್ಲಿ ಮಾಲಿನೋನ ಬೆರಳಿಗೆ ಪೆಟ್ಟಾಯಿತು ಎನ್ನುತ್ತಾರೆ. ಕ್ರಿಬ್ ಗೆರೆಗೆ ಬರಲಾಗದೆ ಕುಸಿದು ಕುಳಿತಿದ್ದಾಗ ಅವನ ಸಹಾಯಕ ಓಡಿಬಂದು, ಮಾಲಿನೋ ಮುಷ್ಟಿಯಲ್ಲಿ ಸೀಸದ ಗುಂಡು ಅಡಗಿಸಿಟ್ಟಿದ್ದಾನೆ ಎಂದು ರಂಪ ಮಾಡಿ, ಕೈ ಬಿಚ್ಚಿ ತೋರಿಸುವಷ್ಟರಲ್ಲಿ ಕ್ರಿಬ್‌ಗೆ ಉಸಿರು ತಿರುಗುವಂತೆ ಮಾಡಿದನೆಂಬುದು ನೀವು ಕೇಳಿರುವ ಕಥೆಯ ತಿರುಳು. ಇದು ಬಹುಮಟ್ಟಿಗೆ ನಂತರದ ಬರವಣಿಗೆಗಳಲ್ಲಿ ಬೆಳೆದದ್ದಾದ್ದರಿಂದ ಅಕ್ಷರಶಃ ನಂಬುವುದು ಬೇಡ. ಕೊನೆಗೆ ದಣಿದು ಕೈಚೆಲ್ಲಿದ್ದು ಮಾಲಿನೋ ಎಂಬುದರಲ್ಲಿ ಅನುಮಾನವಿಲ್ಲ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವೆಂದರೆ ಆ ಬಳಿಕ ಪತ್ರಿಕೆಯಲ್ಲಿ ಅವನ ಹೆಸರಿನಲ್ಲಿ ಪ್ರಕಟವಾದ ಮರುಸವಾಲಿನ ಪತ್ರ. ಹವಾಮಾನ ಅಷ್ಟು ಕೆಟ್ಟದಾಗಿರದಿದ್ದರೆ ಗೆಲ್ಲುತ್ತಿದ್ದೆ ಎಂದು ಹೇಳಿ, ತಾನು ಆಶ್ರಯ ಬಯಸಿ ಬಂದ ಜನರದಕ್ಕಿಂತ ತನ್ನ ಬಣ್ಣ ಬೇರೆಯಾಗಿರುವುದು ತನಗೆ ಬಾಧಕವಾಗಲಾರದೆಂದು ನಂಬಿದ್ದೇನೆ ಎಂದು ಅದರಲ್ಲಿ ಬರೆದಿದೆ. ಮೋಸ ನಡೆಯಿತೆಂದು ಎಲ್ಲೂ ದೂರಿಲ್ಲ. ಆದರೆ ಬಣ್ಣದ ಮಾತೆತ್ತಿದ ಆ ವಿನಯದಲ್ಲೇ ದೂರು ಇದೆ ಎಂದು ನಮಗೆ ತೋರುತ್ತದೆ. 1811ರ ಸೆಪ್ಟೆಂಬರ್ 28ರ ಎರಡನೇ ಕಾಳಗದಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ: ಕ್ಯಾಪ್ಟನ್ ಬಾರ್ಕ್ಲೆ ಎಂಬವರ ಕೈಕೆಳಗೆ ವಾರಗಟ್ಟಲೆ ನಡೆದು ಓಡಿ ಮೈ ಕರಗಿಸಿ ಬಂದಿದ್ದ ಕ್ರಿಬ್ 11 ಸುತ್ತುಗಳಲ್ಲಿ ಮಾಲಿನೋನ ದವಡೆ ಮುರಿದು ಗೆದ್ದ. ಮಾಲಿನೋ 1818ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, ಬಡತನದಲ್ಲಿ ತೀರಿಕೊಂಡ.

ಪ್ರಶ್ನೆ: ಈ ಕಾಳಗಗಳು ಕಾನೂನಿಗೆ ವಿರುದ್ಧವಾಗಿದ್ದವಂತೆ. ಹಾಗಿದ್ದರೆ ಸಾವಿರಾರು ಜನ ಸೇರುತ್ತಿದ್ದುದು ಹೇಗೆ? (ಬೆಳಗಾವಿಯ ಓದುಗರು)

ಉತ್ತರ: ಸ್ಥಳವನ್ನು ಕೊನೆಯ ಗಳಿಗೆಯವರೆಗೆ ಬಾಯಿಬಿಡದೆ ಇಡುವುದೇ ಉಪಾಯ. 1860ರ ಏಪ್ರಿಲ್ 17ರ ನಸುಕಿನಲ್ಲಿ ಲಂಡನ್ ಬ್ರಿಡ್ಜ್ ನಿಲ್ದಾಣದಿಂದ ವಿಶೇಷ ರೈಲುಗಳು ಹೊರಟವು. ಟಿಕೆಟ್ಟಿನ ಮೇಲೆ ಎಲ್ಲಿಗೆ ಎಂಬುದೇ ಇರಲಿಲ್ಲ. ಇಳಿದದ್ದು ಫಾರ್ನ್‌ಬರೋದಲ್ಲಿ. ಅಲ್ಲಿ ಇಂಗ್ಲೆಂಡಿನ ಟಾಮ್ ಸೇಯರ್ಸ್, ತನಗಿಂತ ಅರ್ಧ ಅಡಿಯಷ್ಟು ಎತ್ತರವಿದ್ದ ಅಮೆರಿಕದ ಜಾನ್ ಹೀನನ್‌ನನ್ನು ಎದುರಿಸಿದ. ಮೊದಲ ಸುತ್ತುಗಳಲ್ಲೇ ಬಲಗೈ ಕೆಟ್ಟು, ಎರಡು ಗಂಟೆಗೂ ಹೆಚ್ಚು ಹೊತ್ತು ಎಡಗೈಯಲ್ಲೇ ಕಾದಿದ. ಹೀನನ್‌ನ ಕಣ್ಣುಗಳು ಬಾತು ಮುಚ್ಚಿಕೊಳ್ಳುತ್ತಿದ್ದವು. ಕೊನೆಗೆ ಪೊಲೀಸರು ಬಂದು, ಜನ ಒಳನುಗ್ಗಿ, ಎಲ್ಲ ಗೊಂದಲವಾಗಿ ಕಾಳಗ ಸಮಬಲವೆಂದು ತೀರ್ಮಾನವಾಯಿತು. ಸೇಯರ್ಸ್ ಇನ್ನು ಕಣಕ್ಕಿಳಿಯಬಾರದೆಂಬ ಷರತ್ತಿನ ಮೇಲೆ ಜನ ಚಂದಾ ಎತ್ತಿ ಸುಮಾರು 3,000 ಪೌಂಡ್ ಕೊಟ್ಟರು. ಒಪ್ಪಿಕೊಂಡು ಹೊಡೆದಾಡಿದರೂ ಅದು ಅಪರಾಧವೇ ಎಂದು ಇಂಗ್ಲೆಂಡಿನ ನ್ಯಾಯಾಲಯ 1882ರಲ್ಲಿ ಹೇಳಿದ ಮೇಲೆ ಬರಿಗೈ ಕಾಳಗಕ್ಕೆ ತಲೆಯೆತ್ತಲು ಜಾಗವಿಲ್ಲವಾಯಿತು.

ಪ್ರಶ್ನೆ: ಗ್ಲೌಸ್ ಬಂದ ಮೇಲೆ ಅಪಾಯ ಕಡಿಮೆಯಾಯಿತಲ್ಲವೇ? (ಮಂಗಳೂರಿನ ವೈದ್ಯಕೀಯ ವಿದ್ಯಾರ್ಥಿನಿ)

ಉತ್ತರ: ಮುಖದ ಮೇಲಿನ ಹರಿದ ಗಾಯಗಳು ಕಡಿಮೆಯಾದವು, ಅಷ್ಟು ನಿಜ. ಆದರೆ ಗ್ಲೌಸ್ ಕಾಪಾಡುವುದು ಮೊದಲು ಹೊಡೆಯುವವನ ಕೈಯನ್ನು. ಅಂಗೈಯ ಎಲುಬುಗಳು ಎಷ್ಟು ಸಣ್ಣವೆಂಬುದೂ ಹಣೆಯ ಎಲುಬು ಎಷ್ಟು ಗಡುಸೆಂಬುದೂ ನಿಮಗೆ ಹೇಳಬೇಕಾದದ್ದಿಲ್ಲ. ಬರಿಗೈಯವನು ತಲೆಗೆ ಬೀಸಿ ಹೊಡೆದರೆ ಮುರಿಯುವುದು ತನ್ನ ಕೈಯೇ ಆದ್ದರಿಂದ ಪಕ್ಕೆ, ಹೊಟ್ಟೆ, ಕಿವಿಯ ಕೆಳಭಾಗಗಳನ್ನು ಹುಡುಕಿ ಅಳೆದು ಹೊಡೆಯುತ್ತಿದ್ದ. ಮುಷ್ಟಿಯ ಚರ್ಮ ಗಡುಸಾಗಲೆಂದು ಉಪ್ಪುನೀರಿನಂಥವುಗಳಲ್ಲಿ ಕೈ ನೆನೆಸುವ ಪದ್ಧತಿಯೂ ಇತ್ತು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಗ್ಲೌಸ್ ಕಡ್ಡಾಯ ಮಾಡಿ, ಕುಸ್ತಿಯನ್ನು ತೆಗೆದುಹಾಕಿ, ಮೂರು ನಿಮಿಷದ ಸುತ್ತನ್ನು ತಂದ ಮೇಲೆ ತಲೆಗೆ ಮೇಲಿಂದ ಮೇಲೆ ಹೊಡೆಯುವುದು ಸಲೀಸಾಯಿತು. ಪದೇಪದೇ ಬೀಳುವ ಇಂಥ ಪೆಟ್ಟುಗಳಿಂದ ಬಾಕ್ಸರುಗಳ ಮಿದುಳಿಗೆ ಆಗುವ ಹಾನಿಯನ್ನು ವೈದ್ಯ ಹ್ಯಾರಿಸನ್ ಮಾರ್ಟ್‌ಲಂಡ್ 1928ರಲ್ಲಿ ವಿವರಿಸಿದ್ದು ಗ್ಲೌಸ್ ಯುಗದಲ್ಲೇ ಎಂಬುದನ್ನು ಗಮನಿಸಬೇಕು. ಹಾಗೆಂದು ಹಳೆಯದು ನಿರಪಾಯವೆಂದು ಹೇಳುತ್ತಿಲ್ಲ: ಮೇಲೆ ಹೇಳಿದ 99 ಸುತ್ತುಗಳಲ್ಲಿ ಸೋತ ಸೈಮನ್ ಬರ್ನ್ ಕೆಲವೇ ದಿನಗಳಲ್ಲಿ ಸತ್ತ, ಅವನ ಕೈಯಲ್ಲೇ 1830ರಲ್ಲಿ ಇನ್ನೊಬ್ಬ ಸತ್ತಿದ್ದ.

ಪ್ರಶ್ನೆ: ಈಗ ಎಲ್ಲಾದರೂ ಬರಿಗೈ ಬಾಕ್ಸಿಂಗ್ ನಡೆಯುತ್ತದೆಯೇ? (ದಾವಣಗೆರೆಯ ಓದುಗರು)

ಉತ್ತರ: ನಡೆಯುತ್ತದೆ. 2018ರ ಜೂನ್‌ನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಸರ್ಕಾರಿ ಪರವಾನಗಿಯೊಂದಿಗೆ ಇಂಥ ಪಂದ್ಯಾವಳಿ ನಡೆಯಿತು. ಈಗ ಸುತ್ತೊಂದಕ್ಕೆ ಎರಡೇ ನಿಮಿಷ, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳಬಹುದು, ಮುಷ್ಟಿಯ ಗೆಣ್ಣು ಮಾತ್ರ ಬರಿದಾಗಿರಬೇಕು. ಹುಬ್ಬಳ್ಳಿಯ ಓದುಗರಿಗೂ ಇಲ್ಲೊಂದು ಸುದ್ದಿಯಿದೆ: ಅಲ್ಲಿನ ಅಖಾಡ ನಿಜವಾಗಿಯೂ ದುಂಡಗಿದೆ, ನಡುವೆ ಬ್ರೌಟನ್ ಕಾಲದಂತೆ ಗೆರೆಯನ್ನೂ ಎಳೆದಿರುತ್ತಾರೆ.