ಲಿಂಕಿನಲ್ಲೇ ಬೆಲೆ ತಿದ್ದಿದರೆ?

ಪ್ರಶ್ನೆ: ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಆರ್ಡರ್ ಬಂದಾಗ ಹಣ ಕಟ್ಟುವ ಲಿಂಕ್ ವಾಟ್ಸಾಪ್‌ಗೆ ಹೋಗುವಂತೆ ತಮ್ಮನ ಮಗ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದಾನೆ. ಮೊನ್ನೆ ಯಾರೋ ಲಿಂಕಿನಲ್ಲಿದ್ದ 450ನ್ನು 45 ಮಾಡಿ ಕಟ್ಟಿದ್ದಾರೆ! ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಅಕ್ಕಾ, ಮೊತ್ತವನ್ನು ಸುಮ್ನೆ ಲಿಂಕಿನಲ್ಲಿ ಬರೆದಿಟ್ಟರೆ ಯಾರು ಬೇಕಾದರೂ ತಿದ್ದಬಹುದು. ಅದಕ್ಕೊಂದು ಸಹಿ ಬೇಕು. ಆರ್ಡರ್ ನಂಬರ್, ಮೊತ್ತ, ಲಿಂಕಿನ ಗಡುವು ಇಷ್ಟನ್ನೂ ಜೋಡಿಸಿ, ನಿಮ್ಮ ಸರ್ವರ್‌ನಲ್ಲಿ ಮಾತ್ರ ಇರುವ ಗುಟ್ಟಿನ ಕೀ ಬಳಸಿ ಎಚ್‌ಮ್ಯಾಕ್ ಶಾ-256 (ಮಾಹಿತಿಗೆ ಕೀ ಬೆರೆಸಿ ಸಹಿ ತಯಾರಿಸುವ ಗಣಿತದ ವಿಧಾನ) ಲೆಕ್ಕ ಹಾಕಿಸಲು ಹೇಳಿ. ಸಾಮಾನ್ಯವಾಗಿ 64 ಅಕ್ಷರಗಳ ಸಾಲೊಂದು ಬರುತ್ತದೆ. ಅದನ್ನು ಲಿಂಕಿನ ಕೊನೆಗೆ ಅಂಟಿಸಬೇಕು. ಲಿಂಕ್ ಒತ್ತಿದಾಗ ಸರ್ವರ್ ಮತ್ತೆ ಅದೇ ಲೆಕ್ಕ ಹಾಕುತ್ತದೆ. ಒಂದು ಸೊನ್ನೆ ಅಳಿಸಿದ್ದರೂ ತಾಳೆಯಾಗುವುದಿಲ್ಲ, ಅಲ್ಲಿಗೇ ತಡೆಯಬಹುದು. ಕೀಯನ್ನು ಮಾತ್ರ ಬ್ರೌಸರ್‌ಗೆ ಹೋಗುವ ಜಾವಾಸ್ಕ್ರಿಪ್ಟ್ ಕೋಡ್‌ನಲ್ಲಿ ಇಡಬಾರದು, ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹೊಸಬರು ಎಡವುವುದು ಇಲ್ಲೇ ಜಾಸ್ತಿ.

ರೇಜರ್‌ಪೇಯಂಥ ಗೇಟ್‌ವೇ (ಆನ್‌ಲೈನ್‌ನಲ್ಲಿ ಗ್ರಾಹಕರಿಂದ ಹಣ ಪಡೆದು ನಿಮಗೆ ತಲುಪಿಸುವ ಸೇವೆ) ಬಳಸುವುದಾದರೆ ಆರ್ಡರನ್ನು ಸರ್ವರ್‌ನಿಂದಲೇ ಸೃಷ್ಟಿಸಿ. ಅಲ್ಲಿ ಮೊತ್ತ ಪೈಸೆಯಲ್ಲಿರಬೇಕು: 450 ರೂಪಾಯಿಗೆ 45000. ಹಣ ಕಟ್ಟಿದ ಮೇಲೆ ಅವರ ಕಡೆಯಿಂದಲೂ ಸಹಿಯೊಂದು ಬರುತ್ತದೆ. ಅದು ತಾಳೆಯಾದ ಮೇಲಷ್ಟೇ ಬಾಟಲಿ ಪ್ಯಾಕ್ ಮಾಡಿ. ಗ್ರಾಹಕರು ಕಳಿಸುವ ಸ್ಕ್ರೀನ್‌ಶಾಟ್ ನಂಬಬೇಡಿ.