ಹದಿನಾಲ್ಕು ಘಟಕ, ವಾರಕ್ಕೊಂದು ತಾಸು

ಗದಗ ಜಿಲ್ಲೆಯ ಖಾಸಗಿ ಪ್ರೌಢಶಾಲೆಯ ಶಿಕ್ಷಕರೊಬ್ಬರ ಪತ್ರ: ‘8ನೇ ತರಗತಿಗೆ ನಮ್ಮ ಶಾಲೆಯೇ ರೂಪಿಸಿದ ಸ್ಥಳೀಯ ಅಧ್ಯಯನ ಎಂಬ ವಿಷಯವಿದೆ. ವಾರಕ್ಕೆ ಒಂದು ತಾಸು, 14 ಘಟಕ. ಫೆಬ್ರವರಿ ಬಂದರೂ ಒಂಬತ್ತು ದಾಟುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಇಸವಿ ಬರೆಯುತ್ತಾರೆ, ಅಷ್ಟೇ. ಪರಿಷ್ಕರಣೆ ಎಲ್ಲಿಂದ ಶುರು ಮಾಡಬೇಕು?’

ಸಂಪಾದಕರ ಉತ್ತರ:

ಕ್ಯಾಲೆಂಡರಿನಿಂದ ಶುರು ಮಾಡಿ, ಗುರುಗಳೇ. ಜೂನ್‌ನಿಂದ ಮಾರ್ಚ್‌ವರೆಗೆ 40ಕ್ಕೂ ಹೆಚ್ಚು ವಾರ ಕಾಣುತ್ತವೆ. ದಸರಾ ರಜೆ, ಎರಡು ಸಂಕಲನಾತ್ಮಕ ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಸ್ನೇಹಸಮ್ಮೇಳನ ಎಲ್ಲ ಕಳೆದರೆ 30 ತಾಸು ಸಿಕ್ಕರೆ ಪುಣ್ಯ. ಅದರಲ್ಲಿ ನಾಲ್ಕು ಮೌಲ್ಯಮಾಪನಕ್ಕೆ, ಮೂರು ಹೇಗೂ ಹಾಳಾಗುವವು. ಉಳಿದ 23 ತಾಸಿನಲ್ಲಿ 14 ಘಟಕ ಹಿಡಿಸುವುದಿಲ್ಲ, ಆರು ಹಿಡಿಸುತ್ತವೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಈಗಾಗಲೇ ಇರುವುದನ್ನೂ ಬರೀ ಹೆಸರುಗಳ ಪಟ್ಟಿಯಾದ ಘಟಕಗಳನ್ನೂ ಮೊದಲು ಕೈಬಿಡಿ. (ರಾಜ್ಯ ಪಠ್ಯಕ್ರಮದ ವಿಷಯಗಳಲ್ಲಿ ಹೀಗೆ ಕತ್ತರಿ ಆಡಿಸುವ ಅಧಿಕಾರ ಶಾಲೆಗಿಲ್ಲ, ಇದು ನಿಮ್ಮದೇ ವಿಷಯ ಆದ್ದರಿಂದ ನಡೆಯುತ್ತದೆ.)

ಉಳಿದ ಆರನ್ನು ಋತುಮಾನಕ್ಕೆ ಹೊಂದಿಸಿ. ಪತ್ರದ ಜೊತೆ ನೀವು ಕಳಿಸಿದ ಘಟಕಗಳ ಪಟ್ಟಿಯಲ್ಲಿ ಮಾಗಡಿ ಕೆರೆ ಜುಲೈನಲ್ಲಿದೆ, ಆದರೆ ಅಲ್ಲಿಗೆ ವಲಸೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕಾಣುವುದೇ ಚಳಿಗಾಲಕ್ಕೆ. ಅದು ಡಿಸೆಂಬರಿಗೆ ಹೋಗಲಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಘಟಕ ಆವಕ ಜೋರಾಗಿರುವ ಫೆಬ್ರವರಿಗೆ ಇರಲಿ. ಜೂನ್, ಜುಲೈ ಮಳೆ ಅಳೆಯುವುದಕ್ಕೆ, ಎರೆಮಣ್ಣು ನೋಡುವುದಕ್ಕೆ. ಮಳೆಮಾಪಕಕ್ಕೆ ಪ್ಲಾಸ್ಟಿಕ್ ಬಾಟಲಿ ಸಾಕು: ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಅಲ್ಲೇ ಕೂರಿಸಬೇಕು. ಬಾಟಲಿಯ ತಳ ಸಮತಟ್ಟಾಗಿರುವುದಿಲ್ಲ. ಹಾಗಾಗಿ ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಎಳೆಯದಿದ್ದರೆ ಓದಿದ ಮಿಲಿಮೀಟರೆಲ್ಲ ತಪ್ಪು.

ಇನ್ನು ಕಲಿಕಾ ಫಲ, ಅಂದರೆ ಪಾಠ ಮುಗಿದಾಗ ಮಕ್ಕಳಿಗೆ ಏನು ಬರಬೇಕು ಎಂಬ ವಾಕ್ಯ. ‘ಲಕ್ಕುಂಡಿಯ ಮಹತ್ವ ತಿಳಿಯುತ್ತಾರೆ’ ಎಂದು ಬರೆದಿದ್ದೀರಿ. ತಿಳಿದದ್ದನ್ನು ಅಳೆಯುವುದು ಹೇಗೆ? ‘ಅಲ್ಲಿನ ಮೆಟ್ಟಿಲು ಬಾವಿಯಾದ ಮುಸುಕಿನ ಬಾವಿಯ ನಕ್ಷೆಯನ್ನು ಅಳತೆ ಸಮೇತ ಬಿಡಿಸುತ್ತಾರೆ’ ಎಂದರೆ ಅಂಕ ಕೊಡಬಹುದು. ಪ್ರತಿ ಘಟಕಕ್ಕೆ ಇಂಥ ಎರಡೇ ವಾಕ್ಯ ಸಾಕು. ಪಾಠ ಬರೆಯುವ ಮುನ್ನವೇ ಅವುಗಳ ಪ್ರಶ್ನೆ ಬರೆದುಬಿಡಿ. ಪ್ರಶ್ನೆ ಹುಟ್ಟದಿದ್ದರೆ ಫಲದ ವಾಕ್ಯವೇ ಟೊಳ್ಳು.

ಒಟ್ಟು 50 ಅಂಕವಿರಲಿ: 20 ಲಿಖಿತ, 30 ಚಟುವಟಿಕೆ. 20ರ ನೀಲನಕ್ಷೆಯಲ್ಲಿ (ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕ ಎಂಬ ಹಂಚಿಕೆಯಲ್ಲಿ) ಜ್ಞಾನಕ್ಕೆ 5, ತಿಳಿವಳಿಕೆಗೆ 6, ಅನ್ವಯಕ್ಕೆ 6, ಕೌಶಲಕ್ಕೆ 3. ನಿಮ್ಮ ಜಿಲ್ಲೆಯದೇ ಆದ ಕಣಗಿನಹಾಳದ ಕೃಷಿ ಸಾಲದ ಸಹಕಾರಿ ಸಂಘ ಯಾವ ಇಸವಿಯದು ಎಂದು ಕೇಳಿದರೆ 1905 ಎಂದು ಬರೆದು ಮುಗಿಸುತ್ತಾರೆ. ‘ರೈತನೊಬ್ಬ 5,000 ರೂಪಾಯಿ ಸಾಲ ಮಾಡುತ್ತಾನೆ. ಸಂಘದಲ್ಲಿ ವರ್ಷಕ್ಕೆ ಶೇ 7, ಸಾಹುಕಾರನ ಹತ್ತಿರ ತಿಂಗಳಿಗೆ ನೂರಕ್ಕೆ 3. ವರ್ಷದ ಬಡ್ಡಿ ಲೆಕ್ಕ ಹಾಕಿ, ಸಂಘ ಏಕೆ ಬೇಕಾಯಿತು ಬರೆಯಿರಿ’ ಎಂದು ಕೇಳಿ. 350 ಎಲ್ಲಿ, 1,800 ಎಲ್ಲಿ! ಆ ಅಂತರ ಕಂಡ ಮಗು ಉತ್ತರ ಉರು ಹೊಡೆಯಬೇಕಿಲ್ಲ.

ಚಟುವಟಿಕೆ ಮೂರು, ತಲಾ 10 ಅಂಕ: ದಾಖಲಿಸಿದ್ದಕ್ಕೆ 4, ನಿಖರತೆಗೆ 3, ಸ್ವಂತ ತೀರ್ಮಾನಕ್ಕೆ 3. ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಮನೆಗೆ ಕಳಿಸಬೇಡಿ; ಕಳಿಸಿದರೆ ಥರ್ಮಾಕೋಲ್ ಮಾದರಿ ಅಪ್ಪ-ಅವ್ವ ಮಾಡಿದ್ದಾಗಿ ವಾಪಸು ಬರುತ್ತದೆ, ನೀವು ಅಂಕ ಕೊಡುವುದು ಅವರಿಗೇ. ಅಳತೆ, ದಾಖಲೆ, ಬರವಣಿಗೆ ಮೂರೂ ಶಾಲೆಯಲ್ಲೇ ನಡೆಯಲಿ.

ಅಂಕ ಹಾಕುವಾಗ ಮೊದಲ ಐದು ದಾಖಲೆ ಪುಸ್ತಕಗಳನ್ನು ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ನೋಡಿ. 10ಕ್ಕೆ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಮಾನದಂಡದ ಭಾಷೆ ಅಸ್ಪಷ್ಟವಾಗಿದೆ ಎಂದರ್ಥ. ಅದನ್ನು ತಿದ್ದಿ ಉಳಿದವನ್ನು ನೋಡಿ. ಲಿಖಿತ ಪರೀಕ್ಷೆ ಮುಗಿದ ಮೇಲೆ ಪ್ರಶ್ನೆವಾರು ತಪ್ಪುಗಳನ್ನು ಎಣಿಸಿ. ತರಗತಿಯ ಮೂರರಲ್ಲಿ ಎರಡು ಪಾಲು ಮಕ್ಕಳು ಒಂದೇ ಪ್ರಶ್ನೆಯಲ್ಲಿ ಎಡವಿದ್ದರೆ, ಮೊದಲು ಆ ಪ್ರಶ್ನೆಯ ವಾಕ್ಯವನ್ನು ಓದಿ ನೋಡಿ, ಆಮೇಲೆ ಆ ಪಾಠಕ್ಕೆ ಕೊಟ್ಟ ತಾಸು ಸಾಕಾಗಿತ್ತೇ ಎಂದು. ಮುಂದಿನ ಮೇ ತಿಂಗಳ ಪರಿಷ್ಕರಣೆಗೆ ಈ ಎಣಿಕೆಯ ಹಾಳೆಯನ್ನು ಕಡತದಲ್ಲಿಡಿ.